ಪೆಟ್ಟಿಗೆಯ ಮೇಲಿನ ಶನಿ



ಶಾಲೆಯ ರಜೆ ಸಮೀಪಿಸಿದಾಗ, ಇಲ್ಲವೇ ಮನೆಯ ಮಗುವಿನ ಹುಟ್ಟುಹಬ್ಬ ಹತ್ತಿರ ಬಂದಾಗ, ನಮ್ಮ ಧರ್ಮಕೇಂದ್ರದ ತಾಯಿಯೋ ತಂದೆಯೋ ಗುರುಮನೆಯ ಜಗಲಿಯಲ್ಲಿ ನನ್ನನ್ನು ನಿಲ್ಲಿಸಿ, "ಫಾದರ್, ಮಗನಿಗೆ ದೂರದರ್ಶಕ ಬೇಕಂತೆ. ಯಾವುದನ್ನು ಕೊಡಿಸಲಿ?" ಎಂದು ಕೇಳುವುದುಂಟು. ನನ್ನ ಬಳಿ ಅಂತಹುದೊಂದು ಇದೆಯೆಂಬ ಸುದ್ದಿ ಹೇಗೋ ಹಬ್ಬಿದೆ. ಇದುವರೆಗೆ ಎರಡು ಮಾತಿನ ಉತ್ತರ ಕೊಟ್ಟು ಕಳುಹಿಸಿದ್ದೇನೆ. ಆದರೆ ಹಾಗೆ ಕಳುಹಿಸಿದ ಮೇಲೆ ಮನಸ್ಸಿಗೆ ಸಮಾಧಾನವಾಗಿಲ್ಲ. ಹೇಳಬೇಕಾದುದರಲ್ಲಿ ಅರ್ಧ ಆ ಉಪಕರಣಕ್ಕೆ ಸಂಬಂಧಿಸಿದ್ದು. ಉಳಿದರ್ಧ, ಅದರ ಮುಂದೆ ನಿಂತಿದ್ದ ಒಬ್ಬ ಹುಡುಗನಿಗೆ ನಾನು ಮಾಡಿದ ಅನ್ಯಾಯಕ್ಕೆ ಸಂಬಂಧಿಸಿದ್ದು. ಎರಡನ್ನೂ ಇಲ್ಲಿಯೇ ಬರೆದುಬಿಡುತ್ತೇನೆ.

2009ನೆಯ ವರ್ಷವನ್ನು ಅಂತರರಾಷ್ಟ್ರೀಯ ಖಗೋಳ ವರ್ಷವೆಂದು ಆಚರಿಸಲಾಯಿತು. ಗೆಲಿಲಿಯೊ 1609ರಲ್ಲಿ ದೂರದರ್ಶಕವನ್ನು ಆಕಾಶದತ್ತ ತಿರುಗಿಸಿ ಅಂದಿಗೆ ನಾನ್ನೂರು ವರ್ಷ ತುಂಬಿತ್ತು. ನಾನು ಆಗ ಬಯಲುಸೀಮೆಯ ಒಂದು ಸಣ್ಣ ಧರ್ಮಕೇಂದ್ರದಲ್ಲಿದ್ದೆ. ಬೇಸಿಗೆ ಶಿಬಿರಕ್ಕೆಂದು ಹಿತೈಷಿಗಳೊಬ್ಬರು ಸ್ವಲ್ಪ ಹಣ ಕೊಟ್ಟಿದ್ದರು. ಮಕ್ಕಳಿಗೆ ಆಕಾಶ ತೋರಿಸಿದರೆ ಹೇಗೆ ಎಂಬ ಆಸೆ ಹುಟ್ಟಿತು. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ವಿಶ್ವವಿಜ್ಞಾನವೆಂಬ ಒಂದು ಪಾಠ ನಮಗಿತ್ತು. ಪರೀಕ್ಷೆ ಬರೆದೆವು, ಆಕಾಶವನ್ನು ಮಾತ್ರ ಯಾರೂ ತಲೆಯೆತ್ತಿ ನೋಡಲಿಲ್ಲ. ಆ ಹಳೆಯ ಬಾಕಿಯೂ ಮನಸ್ಸಿನಲ್ಲಿತ್ತೆಂದು ಕಾಣುತ್ತದೆ. ಪಟ್ಟಣದ ಅಂಗಡಿಯೊಂದರಿಂದ ಉದ್ದನೆಯ ರಟ್ಟಿನ ಪೆಟ್ಟಿಗೆಯನ್ನು ಹೊತ್ತು ತಂದೆ. "ದೂರದರ್ಶಕ ತಂದಿದ್ದೇನೆ" ಎಂದಾಗ ಅಡಿಗೆಯವರು, "ಒಂದು ಇದೆಯಲ್ಲಾ ಫಾದರ್, ಇನ್ನೊಂದೇಕೆ?" ಎಂದು ಮೂಲೆಯಲ್ಲಿದ್ದ ಟಿ.ವಿ.ಯ ಕಡೆ ನೋಡಿದರು.

ಪೆಟ್ಟಿಗೆಯ ಮೇಲೆ ಶನಿಗ್ರಹದ ಚಿತ್ರವಿತ್ತು. ಕೈಚಾಚಿದರೆ ಸಿಗುವಂತೆ, ಹೊಂಬಣ್ಣದ ಗೋಳ. ಸುತ್ತಲೂ ಗೆರೆಗೆರೆಯಾಗಿ ಹರಡಿದ ಅಗಲವಾದ ಬಳೆಗಳು. ಅದರ ಕೆಳಗೆ ದಪ್ಪಕ್ಷರಗಳಲ್ಲಿ '525 ಪಟ್ಟು' ಎಂದು ಮುದ್ರಿಸಿದ್ದರು. ಗ್ರಹದ ಬಳಿಗೇ ಹೋದ ನೌಕೆಗಳು ತೆಗೆಯುವಂತಹ ಆ ಚಿತ್ರಕ್ಕೂ ಪೆಟ್ಟಿಗೆಯೊಳಗಿನ ಕೊಳವೆಗೂ ಯಾವ ಸಂಬಂಧವೂ ಇರಲಾರದೆಂದು ಓದಿದ ನನಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾನು ಕೊಂಡದ್ದು ಆ ಚಿತ್ರವನ್ನೇ.

ಏಪ್ರಿಲ್ ತಿಂಗಳ ಕೊನೆಯ ವಾರ. ಶಾಲೆಯ ತಾರಸಿಯ ಮೇಲೆ ಮುಕ್ಕಾಲಿಯನ್ನು ನಿಲ್ಲಿಸಿದೆವು. ನಲವತ್ತು ಮಕ್ಕಳ ಸಾಲು. ಪಶ್ಚಿಮದಲ್ಲಿ ಎಳೆಯ ಚಂದ್ರನಿದ್ದ. ಅವನನ್ನು ಕಡಿಮೆ ವರ್ಧನೆಯ ಮಸೂರದಲ್ಲಿ ತೋರಿಸಿದಾಗ ಮಕ್ಕಳು ಕೂಗಿಕೊಂಡ ಕೂಗು ಇಂದಿಗೂ ಕಿವಿಯಲ್ಲಿದೆ. ಬೆಳಕು ನೆರಳು ಕೂಡುವ ಅಂಚಿನಲ್ಲಿ ಕುಳಿಗಳು ಒಂದೊಂದಾಗಿ ಎದ್ದು ಕಾಣುತ್ತಿದ್ದವು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಲೇಖನಕ್ಕೆ ಕಾರಣವೇ ಇರುತ್ತಿರಲಿಲ್ಲ. ಆದರೆ ಪೆಟ್ಟಿಗೆಯ ಮೇಲಿನ ಶನಿಯನ್ನು ತೋರಿಸುತ್ತೇನೆಂದು ಬೆಳಗಿನಿಂದಲೇ ಮಾತು ಕೊಟ್ಟಿದ್ದೆ.

ಆ ವರ್ಷ ಶನಿ ಸಿಂಹ ರಾಶಿಯಲ್ಲಿದ್ದ. ರಾತ್ರಿ ಒಂಬತ್ತರ ಹೊತ್ತಿಗೆ ನಮ್ಮ ನೆತ್ತಿಯ ಸಮೀಪಕ್ಕೇ ಬಂದಿದ್ದ. ಕೊಳವೆಯನ್ನು ಅಷ್ಟು ಮೇಲಕ್ಕೆ ಎತ್ತಿದಾಗ ಅದರ ಹಿಂತುದಿ ಮುಕ್ಕಾಲಿಯ ಕಾಲಿಗೆ ತಗುಲಿತು. ಮೊಣಕಾಲೂರಿ, ಕತ್ತು ತಿರುಚಿ, ಅಂತೂ ಒಂದು ಚುಕ್ಕೆಯನ್ನು ಹಿಡಿದೆ. ಆಮೇಲೆ ಅತಿ ಹೆಚ್ಚಿನ ವರ್ಧನೆಯ ಮಸೂರವನ್ನೂ, ಅದನ್ನು ಮೂರು ಪಟ್ಟು ಹೆಚ್ಚಿಸುವ ಬಾರ್ಲೋ ಮಸೂರವನ್ನೂ ಸೇರಿಸಿದೆ. ಏನೋ ಒಂದು ಮಬ್ಬು ಬೆಳಕು ನೀರಿನ ತಳದ ಕಲ್ಲಿನಂತೆ ಅಲುಗಾಡುತ್ತಾ ಹಾದುಹೋಯಿತು. ಬಳೆ ಕಂಡಿತೆ? ಕಂಡಿತೆಂದೇ ನಾನು ನನಗೆ ಹೇಳಿಕೊಂಡೆ.

ಸಾಲಿನಲ್ಲಿ ಮೊದಲು ನಿಂತಿದ್ದವನು ದೇವಾಲಯದ ಗಂಟೆ ಬಾರಿಸುವವರ ಮಗ. ಹನ್ನೊಂದು ವರ್ಷದವನು, ಆರನೆಯ ತರಗತಿ. ಕಣ್ಣಿಟ್ಟು ಬಹಳ ಹೊತ್ತು ನೋಡಿದ.

"ಒಂದು ಚುಕ್ಕೆ ಅಲ್ಲಾಡ್ತಿದೆ ಫಾದರ್. ಬಳೆ ಇಲ್ಲ."

"ಇದೆ, ಸರಿಯಾಗಿ ನೋಡು."

ಮತ್ತೆ ನೋಡಿದ. "ಇಲ್ಲ ಫಾದರ್."

ಹಿಂದಿನಿಂದ ಯಾರೋ ನಕ್ಕರು. ಕೊಟ್ಟವರ ಹಣ, ಬೆಳಗಿನಿಂದ ಆಡಿದ ಮಾತು, ಕಾಯುತ್ತಿದ್ದ ನಲವತ್ತು ಮಕ್ಕಳು ಎಲ್ಲವೂ ನನ್ನ ಬೆನ್ನ ಮೇಲಿದ್ದವು. "ನೋಡುವ ಮನಸ್ಸಿದ್ದರೆ ಕಾಣುತ್ತದೆ" ಎಂದುಬಿಟ್ಟೆ. ದನಿ ಗಡುಸಾಗಿಯೇ ಇದ್ದಿರಬೇಕು. ಹುಡುಗ ಮೂರನೆಯ ಸಲ ಬಗ್ಗಿದ, ಕ್ಷಣಮಾತ್ರ. "ಹೌದು ಫಾದರ್, ಕಾಣಿಸ್ತು. ಚೆನ್ನಾಗಿದೆ" ಎಂದು ಹೇಳಿ ಮುಖ ನೋಡದೆ ಸರಿದುಹೋದ. ಅವನ ನಂತರ ಬಂದ ಮೂವತ್ತೊಂಬತ್ತು ಮಕ್ಕಳಿಗೂ ಬಳೆ ಕಾಣಿಸಿತು. ಒಬ್ಬರಿಗೂ ತಪ್ಪಲಿಲ್ಲ.

ಈಗ ಉಪಕರಣದ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವ ಅಗ್ಗದ ದೂರದರ್ಶಕ ಹೆಚ್ಚಾಗಿ ನನ್ನದರಂತಹುದೇ. ಮುಂದಿನ ಮಸೂರದ ಅಗಲ 60 ಮಿ.ಮೀ., ಅದರ ನಾಭಿದೂರ 700 ಮಿ.ಮೀ. ಈ ನಾಭಿದೂರವನ್ನು ಕಣ್ಣಿನ ಬಳಿಯ ಮಸೂರದ ನಾಭಿದೂರದಿಂದ ಭಾಗಿಸಿದರೆ ವರ್ಧನೆ ದೊರೆಯುತ್ತದೆ. 20 ಮಿ.ಮೀ. ಮಸೂರ ಹಾಕಿದರೆ 35 ಪಟ್ಟು, 4 ಮಿ.ಮೀ. ಹಾಕಿದರೆ 175 ಪಟ್ಟು. ಅದಕ್ಕೆ ಮೂರು ಪಟ್ಟಿನ ಬಾರ್ಲೋ ಸೇರಿಸಿದರೆ 525. ಲೆಕ್ಕದಲ್ಲಿ ಸುಳ್ಳಿಲ್ಲ. ಹಾಗಾಗಿಯೇ ಅದನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಲು ಯಾರಿಗೂ ಅಂಜಿಕೆಯಿಲ್ಲ.

ಆದರೆ ದೂರದರ್ಶಕದ ಮೊದಲ ಕೆಲಸ ದೊಡ್ಡದು ಮಾಡುವುದಲ್ಲ, ಬೆಳಕನ್ನು ಕೂಡಿಸುವುದು. ಕತ್ತಲಲ್ಲಿ ಅರಳಿದ ನಮ್ಮ ಕಣ್ಣಿನ ಪಾಪೆ ಹೆಚ್ಚೆಂದರೆ ಏಳು ಮಿ.ಮೀ. ಅಗಲವಿರುತ್ತದೆ. 60 ಮಿ.ಮೀ. ಮಸೂರ ಅದಕ್ಕಿಂತ ಸುಮಾರು ಎಪ್ಪತ್ತು ಪಟ್ಟು ಹೆಚ್ಚು ಬೆಳಕನ್ನು ಹಿಡಿಯುತ್ತದೆ. ಇದು ಸಣ್ಣ ಲಾಭವಲ್ಲ. ಆದರೆ ಆ ಬಂಡವಾಳ ಅಷ್ಟೇ, ಅದು ಬೆಳೆಯುವುದಿಲ್ಲ. 35 ಪಟ್ಟಿನಿಂದ 525ಕ್ಕೆ ಹೋದಾಗ ಚಿತ್ರ ಹದಿನೈದು ಪಟ್ಟು ಉದ್ದವೂ ಹದಿನೈದು ಪಟ್ಟು ಅಗಲವೂ ಆಗುತ್ತದೆ. ಅಂದರೆ ಅದೇ ಬೆಳಕು 225 ಪಟ್ಟು ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಒಂದು ರೊಟ್ಟಿಗೆ ಸಾಕಾದ ಚಮಚ ಬೆಣ್ಣೆಯನ್ನು 225 ರೊಟ್ಟಿಗಳಿಗೆ ಸವರಿದರೆ ಏನು ರುಚಿ ಉಳಿದೀತು?

ಮಂಕಾಗುವುದೊಂದೇ ಅಲ್ಲ. ಬೆಳಕು ಅಲೆಯ ಸ್ವಭಾವದ್ದಾದ ಕಾರಣ, ಮಸೂರ ಎಷ್ಟೇ ನುಣುಪಾಗಿದ್ದರೂ ಅದರ ಅಗಲ ಮಿತಿಯೊಂದನ್ನು ಹೇರುತ್ತದೆ. 60 ಮಿ.ಮೀ. ಮಸೂರ ಬೇರ್ಪಡಿಸಬಲ್ಲ ಅತಿ ಸಣ್ಣ ಕೋನ ಸುಮಾರು ಎರಡು ಆರ್ಕ್‌ಸೆಕೆಂಡ್. 25 ಮಿ.ಮೀ. ಅಗಲದ ನಾಣ್ಯವೊಂದನ್ನು ಎರಡೂವರೆ ಕಿಲೋಮೀಟರ್ ದೂರದಲ್ಲಿಟ್ಟರೆ ಅದು ಎಷ್ಟು ಕಾಣುವುದೋ ಅಷ್ಟು. ಅದಕ್ಕಿಂತ ಸೂಕ್ಷ್ಮವಾದುದು ಚಿತ್ರದಲ್ಲಿ ಇಲ್ಲವೇ ಇಲ್ಲ. ಇಲ್ಲದ್ದನ್ನು ಎಷ್ಟು ಹಿಗ್ಗಿಸಿದರೂ ಇಲ್ಲದ್ದೇ. ಅನುಭವಿಗಳು ಹೇಳುವ ಸುಲಭ ಲೆಕ್ಕವೊಂದಿದೆ: ಮಸೂರದ ಅಗಲ ಎಷ್ಟು ಮಿ.ಮೀ. ಇದೆಯೋ ಅದರ ಎರಡರಷ್ಟು ವರ್ಧನೆಯೇ ಕೊನೆ. ನನ್ನದಕ್ಕೆ 120. ಅದೂ ಮಸೂರ ಒಳ್ಳೆಯದಾಗಿದ್ದು, ಗಾಳಿ ನಿಶ್ಚಲವಾಗಿದ್ದರೆ. ನಾನು ಮಕ್ಕಳ ಕಣ್ಣಿಗೆ ಒಡ್ಡಿದ್ದು ಅದರ ನಾಲ್ಕು ಪಟ್ಟಿಗಿಂತಲೂ ಹೆಚ್ಚು.

ಗಾಳಿಯಾದರೂ ನಿಶ್ಚಲವಾಗಿತ್ತೆ? ಬೇಸಿಗೆಯ ಹಗಲೆಲ್ಲ ಕಾದ ಕಾಂಕ್ರೀಟು ತಾರಸಿ ನಡುರಾತ್ರಿಯವರೆಗೂ ಬಿಸಿ ಉಸಿರು ಬಿಡುತ್ತದೆ. ಆ ಬಿಸಿಗಾಳಿಯ ಮೂಲಕ ನೋಡುವುದು ಒಲೆಯ ಮೇಲಿನಿಂದ ಆಚೆಯ ಗೋಡೆಯನ್ನು ನೋಡಿದಂತೆ. ಪಕ್ಕದಲ್ಲೇ ಹುಲ್ಲಿನ ಆಟದ ಮೈದಾನವಿತ್ತು. ಎತ್ತರ ಹೆಚ್ಚಿದಷ್ಟೂ ಆಕಾಶ ಹತ್ತಿರವೆಂಬ ಬಾಲಬುದ್ಧಿಯಿಂದ ತಾರಸಿ ಹತ್ತಿದ್ದೆ.

ಇನ್ನು ಆ ಮುಕ್ಕಾಲಿ. ಇಂತಹ ಉಪಕರಣಗಳಲ್ಲಿ ಮಸೂರಕ್ಕಿಂತ ಹೆಚ್ಚಾಗಿ ಕೈಕೊಡುವುದು ಕಾಲುಗಳೇ ಎಂಬುದು ನನ್ನ ಅನುಭವ. ಬೆರಳು ತಗುಲಿದರೆ ಸಾಕು, ಕೆಲವು ಸೆಕೆಂಡು ನಡುಗುತ್ತದೆ. ಕೊಳವೆ ಆಕಾಶವನ್ನು ಎಷ್ಟು ಹಿಗ್ಗಿಸುತ್ತದೆಯೋ ಆ ನಡುಕವನ್ನೂ ಅಷ್ಟೇ ಹಿಗ್ಗಿಸುತ್ತದೆ. ಸಾಲದ್ದಕ್ಕೆ ಭೂಮಿ ತಿರುಗುತ್ತಲೇ ಇದೆ. 525 ಪಟ್ಟಿನಲ್ಲಿ ಕಾಣುವ ಆಕಾಶದ ತುಂಡು ಎಷ್ಟು ಕಿರಿದೆಂದರೆ, ಗ್ರಹ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಇಪ್ಪತ್ತು ಸೆಕೆಂಡಿನೊಳಗೆ ಹಾದುಹೋಗುತ್ತದೆ. ನಡುಕ ನಿಲ್ಲುವ ಹೊತ್ತಿಗೆ ಶನಿ ಹೊರಟುಹೋಗಿರುತ್ತಾನೆ. ಆ ಹುಡುಗನ ಹಿಂದೆ ಸಾಲಿನಲ್ಲಿದ್ದವರು ಬಳೆ ಕಂಡೆವೆಂದು ಹೇಳುವಾಗ ಕೊಳವೆಯ ಮುಂದೆ ಬಹುಶಃ ಬರಿಯ ಕತ್ತಲೆಯೇ ಇದ್ದಿರಬೇಕು.

ಇಷ್ಟಾದರೂ ಇವೆಲ್ಲ ಅಜ್ಞಾನದ ತಪ್ಪುಗಳು, ಕ್ಷಮಿಸಬಹುದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ದಿನಪತ್ರಿಕೆಯ ಮೂಲೆಯಲ್ಲಿ ಸಣ್ಣ ಸುದ್ದಿಯೊಂದನ್ನು ಓದಿದೆ. ಶನಿಯ ಬಳೆಗಳು ಭೂಮಿಗೆ ಅಂಚು ತೋರಿಸಿ ನಿಂತಿವೆ, ಹದಿನಾಲ್ಕು ಹದಿನೈದು ವರ್ಷಗಳಿಗೊಮ್ಮೆ ಹೀಗಾಗುತ್ತದೆ ಎಂಬುದು ಅದರ ಸಾರ. ಆ ಬಳೆಗಳ ಹರವು ಎರಡೂಮುಕ್ಕಾಲು ಲಕ್ಷ ಕಿಲೋಮೀಟರಿನಷ್ಟಿದ್ದರೂ ದಪ್ಪ ಹೆಚ್ಚಿನ ಕಡೆಗಳಲ್ಲಿ ಕೆಲವು ಹತ್ತು ಮೀಟರುಗಳಷ್ಟೇ. ಅಂಚಿನಿಂದ ನೋಡಿದರೆ ಬಳೆ ಮಾಯ. ನಮ್ಮ ಶಿಬಿರದ ರಾತ್ರಿ ಅವು ನಮ್ಮತ್ತ ವಾಲಿದ್ದುದು ಸುಮಾರು ನಾಲ್ಕೇ ಡಿಗ್ರಿ. ಒಳ್ಳೆಯ ಮಸೂರ, ಗಟ್ಟಿ ನಿಲುವು, ತಕ್ಕ ವರ್ಧನೆ ಇದ್ದಿದ್ದರೂ ಗೋಳಕ್ಕೆ ಚುಚ್ಚಿದ ಸೂಜಿಯಂತೆ ಒಂದು ಗೆರೆ ಕಾಣುತ್ತಿತ್ತೇ ಹೊರತು, ಪೆಟ್ಟಿಗೆಯ ಮೇಲಿನ ಬಳೆ ಅಂದು ಆಕಾಶದಲ್ಲೇ ಹಾಗಿರಲಿಲ್ಲ.

ಹುಡುಗ ಹೇಳಿದ್ದು ಸರಿಯಾಗಿತ್ತು. ನಲವತ್ತು ಮಕ್ಕಳಲ್ಲಿ, ನನ್ನನ್ನೂ ಸೇರಿಸಿದರೆ ನಲವತ್ತೊಂದು ಮಂದಿಯಲ್ಲಿ, ಕಂಡದ್ದನ್ನು ಕಂಡಂತೆ ಹೇಳಿದವನು ಅವನೊಬ್ಬನೇ. ಅವನಿಂದ ಸುಳ್ಳು ಹೇಳಿಸಿದವನು ನಾನು. ಪತ್ರಿಕೆಯನ್ನು ಮಡಚಿಟ್ಟೆ. ಮುಂದಿನ ಭಾನುವಾರ ಅವನನ್ನು ಕರೆದು ಹೇಳಬೇಕೆಂದುಕೊಂಡೆ. ಆ ಭಾನುವಾರ ಆಗಲಿಲ್ಲ, ಅದರ ಮರುವಾರವೂ ಆಗಲಿಲ್ಲ. ಬರುವ ಬೇಸಿಗೆಯಲ್ಲಿ ನನಗೆ ವರ್ಗವಾಯಿತು.

ಗೆಲಿಲಿಯೊನಿಗೂ ಶನಿ ಇದೇ ಆಟ ಆಡಿಸಿತ್ತು. ಅವನ ದೂರದರ್ಶಕ ಸುಮಾರು ಇಪ್ಪತ್ತು ಪಟ್ಟಿನದು. 1610ರ ಜುಲೈಯಲ್ಲಿ ಅವನಿಗೆ ಕಂಡದ್ದು ಬಳೆಯಲ್ಲ; ದೊಡ್ಡ ಗೋಳದ ಎರಡು ಬದಿಗೆ ಅಂಟಿಕೊಂಡ ಎರಡು ಸಣ್ಣ ಗೋಳಗಳು. 1612ರ ಕೊನೆಗೆ ನೋಡಿದರೆ ಆ ಎರಡೂ ಇಲ್ಲ! ಆಗಲೂ ಬಳೆಗಳು ಅಂಚು ತೋರಿಸಿದ್ದವು. ಅವನು ಕಂಗಾಲಾಗಿ ಸ್ನೇಹಿತರಿಗೆ ಬರೆದ. ಆದರೆ ಕಾಣದ್ದನ್ನು ಕಂಡೆನೆಂದು ಬರೆಯಲಿಲ್ಲ. ಅದು ಬಳೆಯೆಂದು ತಿಳಿಯಲು ಹ್ಯೂಗೆನ್ಸ್ ಬರಬೇಕಾಯಿತು. ಅವನು ಅದನ್ನು ಪುಸ್ತಕವಾಗಿ ಪ್ರಕಟಿಸಿದ್ದು 1659ರಲ್ಲಿ.

ನನ್ನ ಮನಸ್ಸಿಗೆ ಇನ್ನೂ ಹತ್ತಿರವಾದ ಪ್ರಸಂಗ ರೋಮಿನದು. 1611ರ ಏಪ್ರಿಲಿನಲ್ಲಿ ಕಾರ್ಡಿನಲ್ ಬೆಲ್ಲರ್ಮಿನ್ನರು ರೋಮನ್ ಕಾಲೇಜಿನ ಯೇಸುಸಭೆಯ ಗಣಿತಜ್ಞರಿಗೆ, ಗೆಲಿಲಿಯೊ ಹೇಳುತ್ತಿರುವುದು ನಿಜವೇ ಎಂದು ಕೇಳಿ ಕಳುಹಿಸಿದರು. ಉತ್ತರಿಸಿದ ನಾಲ್ವರಲ್ಲಿ ಹಿರಿಯರು ಕ್ಲಾವಿಯಸ್. ಇಂದು ನಾವು ಬಳಸುವ ಗ್ರೆಗರಿಯ ಪಂಚಾಂಗವನ್ನು ರೂಪಿಸಿದವರಲ್ಲಿ ಪ್ರಮುಖರು. ಗುರುಗ್ರಹದ ಸುತ್ತ ಚಂದ್ರರಿದ್ದಾರೆ, ಶುಕ್ರನಿಗೆ ಚಂದ್ರನಂತೆ ಕಲೆಗಳಿವೆ ಎಂದು ಅವರು ಒಪ್ಪಿದರು. ಶನಿಯ ವಿಷಯಕ್ಕೆ ಬಂದಾಗ, ಅದು ಮೊಟ್ಟೆಯಾಕಾರದಲ್ಲಿ ಕಾಣುತ್ತದೆ. ಆದರೆ ಪಕ್ಕದ ಎರಡು ಗೋಳಗಳು ನಡುವಿನದರಿಂದ ಬೇರ್ಪಟ್ಟಂತೆ ನಮಗೆ ಸ್ಪಷ್ಟವಾಗಿ ಕಂಡಿಲ್ಲ ಎಂಬ ಅರ್ಥದಲ್ಲಿ ಬರೆದರು. ಎಪ್ಪತ್ತು ದಾಟಿದ ಕ್ಲಾವಿಯಸ್ಸರಂತೂ ಚಂದ್ರನ ಮೇಲೆ ಬೆಟ್ಟಗುಡ್ಡಗಳಿವೆಯೆಂಬುದನ್ನು ಪೂರ್ತಿ ಒಪ್ಪಲಿಲ್ಲ. ಅದರಲ್ಲಿ ಅವರು ತಪ್ಪಿದರು. ಇಂದು ಚಂದ್ರನ ದಕ್ಷಿಣದಲ್ಲಿ ಇನ್ನೂರು ಕಿಲೋಮೀಟರಿಗೂ ಮಿಕ್ಕಿ ಅಗಲವಾದ ಕುಳಿಯೊಂದಕ್ಕೆ ಅವರದೇ ಹೆಸರಿದೆ. ಅಷ್ಟಮಿ ಕಳೆದ ಒಂದೆರಡು ದಿನಗಳಲ್ಲಿ ನನ್ನ ಅಗ್ಗದ ಕೊಳವೆಯೂ ಅದನ್ನು ಚೆನ್ನಾಗಿ ತೋರಿಸುತ್ತದೆ. ಕಾರ್ಡಿನಲರಿಗೆ ಉತ್ತರ ಬರೆಯುವಾಗಲೂ 'ನಮಗೆ ಕಂಡಿಲ್ಲ' ಎನ್ನಲು ಅವರಿಗೆ ಸಂಕೋಚವಾಗಲಿಲ್ಲ. ಗುರುವಿಗೆ ಹಾಗೆ ಹೇಳಲು ಧೈರ್ಯ ಮಾಡಿದ ಒಬ್ಬ ಹುಡುಗ ನನಗೂ ಸಿಕ್ಕಿದ್ದ.

ಹಾಗಾದರೆ ಸಣ್ಣ ದೂರದರ್ಶಕ ಬೇಡವೇ? ನಾನು ಹಾಗೆ ಹೇಳುವುದಿಲ್ಲ. ಅದೇ 2009ರಲ್ಲಿ ತಜ್ಞರು ಮಕ್ಕಳಿಗೆಂದು ಗೆಲಿಲಿಯೊಸ್ಕೋಪ್ ಎಂಬ ಅಗ್ಗದ ಉಪಕರಣವನ್ನು ರೂಪಿಸಿದರು. ಮಸೂರ 50 ಮಿ.ಮೀ., ನನ್ನದಕ್ಕಿಂತ ಕಿರಿದು. ವರ್ಧನೆ 25, ಬಾರ್ಲೋ ಹಾಕಿದರೆ 50. ಅಲ್ಲಿಗೆ ನಿಂತರು. ಬಲ್ಲವರು ಎಲ್ಲಿ ನಿಲ್ಲುತ್ತಾರೆಂಬುದನ್ನು ಗಮನಿಸಿ.

ನಿಮ್ಮ ಮನೆಯಲ್ಲಿ ಈಗಾಗಲೇ ಅಂತಹ ಪೆಟ್ಟಿಗೆ ಇದ್ದರೆ, ಮೊದಲು ಅದರಲ್ಲಿ ಕಣ್ಣಿನ ಮಸೂರಕ್ಕೆ ತಿರುಗಿಸಿ ಹಾಕುವ 'ಸೂರ್ಯ ಶೋಧಕ' ಎಂಬ ಸಣ್ಣ ಕಪ್ಪು ಗಾಜು ಇದೆಯೇ ನೋಡಿ. ಇದ್ದರೆ ಈ ದಿನವೇ ಒಡೆದು ಎಸೆಯಿರಿ. ಕೇಂದ್ರೀಕೃತ ಬಿಸಿಲಿಗೆ ಅದು ಸೀಳಿದರೆ ಮಗುವಿನ ಕಣ್ಣು ಕ್ಷಣದಲ್ಲಿ ಹೋದೀತು. ಈ ಒಂದು ಮಾತಿಗಾಗಿಯಾದರೂ ಈ ಪುಟ ಓದಿದ್ದು ಸಾರ್ಥಕವೆಂದುಕೊಳ್ಳಿ. ಬಳಿಕ 4 ಮಿ.ಮೀ. ಮಸೂರವನ್ನೂ ಬಾರ್ಲೋವನ್ನೂ ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ತಾರಸಿ ಬಿಟ್ಟು ಅಂಗಳಕ್ಕೋ ಹೊಲದ ಬದಿಗೋ ಹೋಗಿ, ಮುಕ್ಕಾಲಿಯ ನಡುವೆ ಒಂದು ಚೀಲ ಕಲ್ಲನ್ನು ತೂಗಿಬಿಡಿ. ನಡುಕ ಎಷ್ಟೋ ತಗ್ಗುತ್ತದೆ. ನೆತ್ತಿಯ ಮೇಲಿನದನ್ನು ಬಿಟ್ಟು ಅರ್ಧ ಎತ್ತರದಲ್ಲಿರುವುದನ್ನು ನೋಡಿ.

35 ಪಟ್ಟು ಸಾಲದೆನ್ನಬೇಡಿ. ಗುರುಗ್ರಹ ನಮಗೆ ಸಮೀಪವಿರುವಾಗ 40 ಪಟ್ಟಿನಲ್ಲಿ, ಬರಿಗಣ್ಣಿಗೆ ಚಂದ್ರ ಕಾಣುವಷ್ಟೇ ದೊಡ್ಡದಾಗಿರುತ್ತದೆ. ಕೊಳವೆಯೊಳಗೆ ಅಷ್ಟು ದೊಡ್ಡದೆಂದು ಅನ್ನಿಸುವುದಿಲ್ಲ, ಅದು ಮನಸ್ಸಿನ ಮೋಸ. ಅದರ ನಾಲ್ಕು ಚಂದ್ರರು ಒಂದೇ ಗೆರೆಯಲ್ಲಿ ನಿಂತಿರುತ್ತಾರೆ. ನಾಳೆ ನೋಡಿದರೆ ಜಾಗ ಬದಲಿಸಿರುತ್ತಾರೆ. ಮಗುವಿನ ಕೈಗೆ ನೋಟುಪುಸ್ತಕ ಕೊಟ್ಟು ದಿನವೂ ಚುಕ್ಕೆ ಇಡಲು ಹೇಳಿ. ಕೃತ್ತಿಕೆಯ ಗುಂಪು ಚೆಲುವಾಗಿ ಕಾಣುತ್ತದೆ. ಓರಿಯನ್ ನೀಹಾರಿಕೆ ಮಾತ್ರ ಫೋಟೋದ ಕೆಂಪಲ್ಲ, ಬೂದಿ ಬಣ್ಣದ ಉಸಿರಿನಂತೆ. ಅಷ್ಟು ಮಂಕು ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲವೆಂದು ಮೊದಲೇ ಹೇಳಿಬಿಡಿ. ಮೇ ತಿಂಗಳ ರಾತ್ರಿ ದಕ್ಷಿಣದ ದಿಗಂತದ ಮೇಲೆ ತಗ್ಗಿನಲ್ಲಿ ಆಲ್ಫಾ ಸೆಂಟಾರಿ ಬೆಳಗುತ್ತದೆ. ಅದು ಒಂದಲ್ಲ, ಜೋಡಿ ನಕ್ಷತ್ರವೆಂದು 1689ರಲ್ಲಿ ಪುದುಚೇರಿಯಿಂದ ನೋಡಿ ಕಂಡುಕೊಂಡವರು ಯೇಸುಸಭೆಯ ಗುರು ಜ್ಯಾನ್ ರಿಶೋ. ಧೂಮಕೇತುವೊಂದನ್ನು ನೋಡುತ್ತಿದ್ದಾಗ ಅದು ಅವರ ಕಣ್ಣಿಗೆ ಬಿತ್ತು. ನಿಮ್ಮ 60 ಮಿ.ಮೀ. ಮಸೂರ ಆ ಎರಡನ್ನೂ ಬೇರ್ಪಡಿಸಬಲ್ಲದು.

ಹೊಸದಾಗಿ ಕೊಳ್ಳುವವರಿಗೆ ನನ್ನ ಅಭಿಪ್ರಾಯ ಬೇರೆ. ಮೊದಲು ಒಂದು ದುರ್ಬೀನು ತನ್ನಿ, 10x50 ಎಂದು ಬರೆದಿರುವಂತಹುದು. ಮಗು ಒಂದು ವರ್ಷ ಅದನ್ನು ಬಿಡದೆ ನೋಡಿದರೆ, ಆಗ 130 ಮಿ.ಮೀ. ಕನ್ನಡಿಯ, ನೆಲದ ಮೇಲೆ ಗಟ್ಟಿಯಾಗಿ ಕೂರುವ ಡಾಬ್ಸೋನಿಯನ್ ಬಗೆಯದನ್ನು ಯೋಚಿಸಬಹುದು. ಆ ಸರಳ ಪೀಠವನ್ನು ಜನಪ್ರಿಯಗೊಳಿಸಿದ ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಮಠದಲ್ಲಿ ಸನ್ಯಾಸಿಯಾಗಿದ್ದವರು. 1967ರಲ್ಲಿ ಮಠ ತೊರೆದ ಮೇಲೆ ಬೀದಿಬದಿಯಲ್ಲಿ ನಿಂತು ದಾರಿಹೋಕರಿಗೆ ಚಂದ್ರನನ್ನು ತೋರಿಸುತ್ತಿದ್ದರು.

2025ರ ಕ್ರಿಸ್ತಜಯಂತಿಯ ಮರುದಿನ, ಡಿಸೆಂಬರ್ 26ರಂದು, ಆ ಹುಡುಗ ನನ್ನ ಈಗಿನ ಧರ್ಮಕೇಂದ್ರಕ್ಕೆ ಬಂದ. ಹುಡುಗನೆಂದರೆ ಈಗ ಇಪ್ಪತ್ತೇಳು ದಾಟಿದವನು. ಬೆಂಗಳೂರಿನಲ್ಲಿ ಕೆಲಸ, ಜನವರಿಯಲ್ಲಿ ಮದುವೆ. ಆಮಂತ್ರಣ ಪತ್ರಿಕೆ ಕೊಡಲು ಬಂದಿದ್ದ. ಕಾಫಿ ಕುಡಿದು ಹೊರಗೆ ಬಂದಾಗ ಕತ್ತಲಾಗಿತ್ತು. ಅರ್ಧಚಂದ್ರನ ಬಳಿಯಲ್ಲೇ ಶನಿ ನಿಂತಿದ್ದ. ಬೇಕೆಂದು ಬರೆದ ಕಥೆಯಂತಿದೆ ಎನ್ನುವಿರಿ. ಪಂಚಾಂಗ ತೆರೆದು ನೋಡಿ. ನಾನು ಒಳಗೆ ಹೋಗಿ ಆ ಹಳೆಯ ಪೆಟ್ಟಿಗೆಯನ್ನು ಹೊತ್ತು ತಂದೆ.

"ನೆನಪಿದೆಯೇ?" ಎಂದೆ.

ಅವನು ನಕ್ಕ. "ಅವತ್ತು ನನಗೇನೂ ಕಾಣಿಸಲಿಲ್ಲ ಫಾದರ್."

ಆಗ ಹೇಳಿದೆ, ಹದಿನಾರು ವರ್ಷ ತಡವಾಗಿ. ಬಳೆಗಳು ಅಂಚು ತೋರಿಸಿದ್ದನ್ನು, ಪತ್ರಿಕೆ ಓದಿಯೂ ಅವನನ್ನು ಕರೆಯದೆ ಇದ್ದುದನ್ನು, ನನಗೂ ಅಂದು ಕಾಣಲಿಲ್ಲವೆಂಬುದನ್ನು. ಕ್ಷಮಿಸೆಂದು ಕೇಳಿದೆ. ಅವನು ತಕ್ಷಣ ಏನೂ ಹೇಳಲಿಲ್ಲ. "ನನ್ನ ಕಣ್ಣೇ ಸರಿ ಇಲ್ಲವೇನೋ ಅಂತ ಅಪ್ಪ ಆಮೇಲೆ ಪಟ್ಟಣಕ್ಕೆ ಕರೆದುಕೊಂಡು ಹೋಗಿ ತೋರಿಸಿದ್ರು" ಎಂದ. ಇದು ನನಗೆ ಗೊತ್ತಿರಲಿಲ್ಲ.

20 ಮಿ.ಮೀ. ಮಸೂರ ಹಾಕಿ, ಕಲ್ಲಿನ ಚೀಲ ಕಟ್ಟಿ, ನಾನು ಸರಿದು ನಿಂತೆ. 2025ರ ಮಾರ್ಚಿನಲ್ಲಿ ಬಳೆಗಳು ಮತ್ತೆ ಅಂಚು ತೋರಿಸಿದ್ದವು. ವರ್ಷದ ಕೊನೆಗೂ ಅವು ಒಂದು ಡಿಗ್ರಿಯ ಆಸುಪಾಸಿನಲ್ಲೇ ವಾಲಿದ್ದವು. ಇದನ್ನು ನಾನು ಮೊದಲೇ ಹೇಳಲಿಲ್ಲ. ಅವನು ಬಗ್ಗಿ ಬಹಳ ಹೊತ್ತು ನೋಡಿದ.

"ಗುಂಡಗಿದೆ. ಎರಡೂ ಪಕ್ಕ ಕೂದಲಿನಂತೆ ಏನೋ ಇರಬಹುದು. ಇಲ್ಲದೆಯೂ ಇರಬಹುದು ಫಾದರ್."

ನಾನು ನೋಡಿದೆ. ನನ್ನ ಕಣ್ಣಿಗೆ ಕೂದಲೂ ಕಾಣಲಿಲ್ಲ, ಹಾಗೆಂದು ಹೇಳಿದೆ. ಇನ್ನು ಮುಂದೆ ವರ್ಷ ವರ್ಷವೂ ಬಳೆ ತೆರೆದುಕೊಳ್ಳುತ್ತಾ ಹೋಗುತ್ತದೆ, 2032ರ ಹೊತ್ತಿಗೆ ಪೂರ್ತಿ ಅಗಲವಾಗಿ ನಿಲ್ಲುತ್ತದೆ, ಆಗ ಈ ಕೊಳವೆಗೂ ಕಂಡೇ ಕಾಣುತ್ತದೆ ಎಂದೆ. ಅವನು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದ. ಮಗುವಿನ ವಯಸ್ಸಿನದಿರಬೇಕು.

"ಆಗ ನೀವು ಯಾವ ಊರಿನಲ್ಲಿರ್ತೀರಿ ಫಾದರ್?"

"ಅದನ್ನು ಧರ್ಮಾಧ್ಯಕ್ಷರನ್ನೇ ಕೇಳಬೇಕಪ್ಪ" ಎಂದೆ.